ಹಾಡಿದವಳು ಅವಳು, ಹಂಚಿದವಳು ನಾನು

ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವುದರೊಳಗೆ ಒಂದು ಸಲ ಫೋನು ನೋಡುವ ಅಭ್ಯಾಸ ನಿಮಗೂ ಇದೆಯೇ ಸೋದರಿಯರೇ? ನನಗಂತೂ ಇದೆ. ಎಷ್ಟು ಸಲ ಹಾಲು ಉಕ್ಕಿಸಿದ್ದೇನೋ, ಎಷ್ಟು ಸಲ ನಮ್ಮ ಯಜಮಾನರಿಂದ "ಮೊದಲು ಒಲೆ ನೋಡು, ಆಮೇಲೆ ಊರು ನೋಡುವಿಯಂತೆ" ಅನ್ನಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಹಾಲು ಉಕ್ಕಿದರೆ ಒಲೆ ಒರೆಸಬಹುದು. ಈಚೆಗೆ ನನ್ನ ಕೈಯಲ್ಲಿ ಉಕ್ಕಿದ್ದು ಬೇರೆ. ಅದನ್ನೇ ನಿಮ್ಮ ಮುಂದೆ ಹೇಳಿಕೊಳ್ಳೋಣ ಎಂದು ಕುಳಿತಿದ್ದೇನೆ.

ನಾವು ನಾಲ್ವರು ಗೆಳತಿಯರು. ಮುಳಬಾಗಿಲಿನ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಜಾಮಿಟ್ರಿ ಬಾಕ್ಸಿನಲ್ಲಿ ನಾಲ್ಕೂ ಜನ ವೃತ್ತ ಎಳೆದು, 1995ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ಆಮೇಲೆ ಒಬ್ಬೊಬ್ಬರದೂ ಮದುವೆಯಾಯಿತು. ಒಬ್ಬಳು ಕೋಲಾರಕ್ಕೆ, ಒಬ್ಬಳು ಮಾಲೂರಿಗೆ, ನಾನು ಶ್ರೀನಿವಾಸಪುರಕ್ಕೆ, ಒಬ್ಬಳು ಮಾತ್ರ ಮುಳಬಾಗಿಲಲ್ಲೇ ಸೋದರಮಾವನನ್ನು ಮಾಡಿಕೊಂಡು ಉಳಿದಳು. ಒಂದೇ ಜಿಲ್ಲೆ, ಒಂದೆರಡು ಗಂಟೆಯ ಬಸ್ ದಾರಿ. ಆದರೂ ಮನೆಯಿಂದ ಹೆಣ್ಣುಮಕ್ಕಳಿಗೆ ಆ ದಾರಿ ಎಷ್ಟು ದೂರ ಅಂತ ನಿಮಗೆ ಬಿಡಿಸಿ ಹೇಳಬೇಕೇ? ಮೊದಮೊದಲು ಇನ್‌ಲ್ಯಾಂಡ್ ಲೆಟರು ಬರೆದೆವು. ಮಕ್ಕಳಾದ ಮೇಲೆ ಅದೂ ನಿಂತಿತು. ಯಾರದೋ ಮದುವೆ, ಯಾರದೋ ಗೃಹಪ್ರವೇಶ, ಅಲ್ಲಿ ಎಲೆ ಮುಂದೆ ಕೂತಾಗ ಹತ್ತು ನಿಮಿಷ ಮಾತು, ಅಷ್ಟೆ.

2016ರಲ್ಲಿ ಜಿಯೋ ಬಂದು ಇಂಟರ್ನೆಟ್ಟು ಅಗ್ಗವಾಯಿತಲ್ಲ, ಆಮೇಲೆ ಮಗ ತನ್ನ ಹಳೇ ಫೋನು ನನಗೆ ಕೊಟ್ಟ. ಕೋಲಾರದವಳು ವಾಟ್ಸಾಪಿನಲ್ಲಿ ಒಂದು ಗ್ರೂಪು ಮಾಡಿ ನಾಲ್ವರನ್ನೂ ಸೇರಿಸಿದಳು. ಇಪ್ಪತ್ತು ವರ್ಷದ ಮಾತು ಒಂದು ವಾರದಲ್ಲಿ ಆಡಿದೆವು ಅಂದರೆ ನಂಬಿ. ಯಾರಿಗೆ ಥೈರಾಯ್ಡು, ಯಾರ ಅತ್ತೆಗೆ ಮಂಡಿನೋವು, ಯಾರ ಮಗ ಬೆಂಗಳೂರಲ್ಲಿ ಏನು ಓದುತ್ತಾನೆ, ಎಲ್ಲ ಗೊತ್ತಾಯಿತು. ಅವರೆಕಾಯಿ ಕಾಲದಲ್ಲಿ ನಾಲ್ಕು ಮನೆಯಲ್ಲೂ ಹಿತಕಿದಬೇಳೆ ಸಾರು ಕುದಿಯುವಾಗ ನಾಲ್ಕು ಪಾತ್ರೆಯ ಫೋಟೋ ಬರುತ್ತಿತ್ತು. ಫೋನನ್ನು ಬೈಯುವವರು ಬೈಯಲಿ, ನನಗೆ ಗೆಳತಿಯರನ್ನು ತಿರುಗಿ ಕೊಟ್ಟದ್ದು ಅದೇ.

ಇನ್ನು ಗ್ರೂಪಿನ ದೊಡ್ಡ ಮೋಜು ಎಂದರೆ ಊರಿನ ಹೆಮ್ಮೆ. ಅದರಲ್ಲಿ ನಾವು ನಾಲ್ವರೂ ಜಗಳಗಂಟಿಯರೇ. ಮುಳಬಾಗಿಲಿನವಳು ದಿನಾ ಬೆಳಗ್ಗೆ ಒಂದು ಕಗ್ಗ ಹಾಕುತ್ತಾಳೆ. ಡಿ.ವಿ.ಜಿ.ಯವರು ಹುಟ್ಟಿದ್ದು ಅಲ್ಲೇ ತಾನೇ, 1887ರಲ್ಲಿ. ಮೆಟ್ರಿಕ್ಯುಲೇಷನ್ ಪಾಸಾಗದ ಮನುಷ್ಯ 1943ರಲ್ಲಿ ಆ 945 ಪದ್ಯಗಳ ಪುಸ್ತಕ ಕೊಟ್ಟು, ಇವತ್ತು ಯಾರ ಫೋನು ತೆಗೆದರೂ ಅದರಲ್ಲಿದ್ದಾರೆ. (ಅವರು ಬರೆಯದ ಪದ್ಯಗಳೂ ಅವರ ಹೆಸರಿನಲ್ಲೇ ಓಡಾಡುತ್ತಿವೆ, ಎಚ್ಚರವಿರಲಿ. ಪುಸ್ತಕದಲ್ಲಿ ನೋಡಿ ಆಮೇಲೆ ಕಳಿಸಿ.) ಮಾಲೂರಿನವಳು ಬಿಡುತ್ತಾಳೆಯೇ? "ನಿಮ್ಮಲ್ಲಿ ಡಿ.ವಿ.ಜಿ. ಇದ್ದರೆ ನಮ್ಮ ತಾಲ್ಲೂಕಿನಲ್ಲಿ ಮಾಸ್ತಿ ಕಣ್ರೇ, 1983ರ ಜ್ಞಾನಪೀಠ" ಅನ್ನುತ್ತಾಳೆ. ಕೋಲಾರದವಳು ಕೋಲಾರಮ್ಮನ ಗುಡಿ, ಅಂತರಗಂಗೆ ಫೋಟೋ ಹಾಕುತ್ತಾಳೆ. ನನ್ನ ಸರದಿ ಬಂದಾಗ ನಾನು ಶ್ರೀನಿವಾಸಪುರದ ಮಾವಿನಹಣ್ಣು ಹಾಕಿ ಬಾಯಿ ಮುಚ್ಚಿಸುತ್ತೇನೆ. ಜ್ಞಾನಪೀಠ ತಿನ್ನೋಕೆ ಬರುತ್ತದೆಯೇ?

ನಾವು ಹೈಸ್ಕೂಲು ಮೆಟ್ಟಿಲು ಹತ್ತುತ್ತಿದ್ದ ಹೊತ್ತಿಗೆ, 1992ರಲ್ಲಿ, ಸೌಂದರ್ಯ ಸಿನಿಮಾಕ್ಕೆ ಬಂದರು. ನಮ್ಮ ಮುಳಬಾಗಿಲಿನ ಹೆಣ್ಣುಮಗಳು ಎಂದು ನಮಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ತೆಲುಗಿನಲ್ಲಿ ಅಷ್ಟು ದೊಡ್ಡ ಹೆಸರು ಮಾಡಿದರೂ ಕನ್ನಡಕ್ಕೆ ಬಂದು, ತಾವೇ ನಿರ್ಮಿಸಿ ನಟಿಸಿದ 'ದ್ವೀಪ'ಕ್ಕೆ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ತಂದರು. 2004ರ ಏಪ್ರಿಲ್ 17ರಂದು ಜಕ್ಕೂರಿನಲ್ಲಿ ವಿಮಾನ ಬಿದ್ದು ಹೋದರು ಎಂಬ ಸುದ್ದಿ ಟಿ.ವಿ.ಯಲ್ಲಿ ಬಂದ ದಿನ, ಫೋನಿಲ್ಲದ ಆ ಕಾಲದಲ್ಲಿ ನಾವು ನಾಲ್ವರೂ ನಾಲ್ಕು ಊರಿನಲ್ಲಿ ಒಬ್ಬೊಬ್ಬರೇ ಅತ್ತಿದ್ದೆವು. ಅದನ್ನು ಒಬ್ಬರಿಗೊಬ್ಬರು ಹೇಳಿಕೊಂಡದ್ದು ಹನ್ನೆರಡು ವರ್ಷವಾದ ಮೇಲೆ, ಆ ಗ್ರೂಪಿನಲ್ಲೇ.

ಹೀಗೆ ಹೊಗಳುವುದು ಒಂದು ಚಟವಾಯಿತು ನೋಡಿ. 2018ರಲ್ಲಿ 'ಕೆ.ಜಿ.ಎಫ್.' ಸಿನಿಮಾ ಬಂದಾಗ ಊರೂರಿನವರೂ "ನಿಮ್ಮ ಕೋಲಾರವಾ" ಅಂದರೆ ನಮಗೆ ಕೋಡು. ಆ ಗಣಿ 2001ರಲ್ಲೇ ಮುಚ್ಚಿಹೋದದ್ದು, ಅಲ್ಲಿನ ಸಂಸಾರಗಳು ಕೆಲಸಕ್ಕೆ ದಿನಾ ಬೆಂಗಳೂರಿನ ರೈಲು ಹತ್ತಿದ್ದು ನಾವು ಯಾರೂ ಗ್ರೂಪಿನಲ್ಲಿ ಹಾಕಲಿಲ್ಲ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ, ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಆ ದಿನ ನಾನು ಹದಿನಾಲ್ಕು ಕಡೆಗೆ ಅವರ ಫೋಟೋ ಕಳಿಸಿದೆ. ಅವರ ಒಂದು ಕಥೆಯನ್ನಾದರೂ ಓದಿದ್ದು ಅದಾಗಿ ಎರಡು ತಿಂಗಳ ಮೇಲೆ. ನಾಚಿಕೆಯಾಗುತ್ತದೆ, ಆದರೂ ನಿಜ.

ಈಗ ವಿಷಯಕ್ಕೆ ಬರುತ್ತೇನೆ.

ನಮ್ಮ ನಾಲ್ವರಲ್ಲಿ ನಿಜವಾದ ಪ್ರತಿಭೆ ಇದ್ದವಳು ಮಾಲೂರಿನವಳು. ಅವಳ ಅಜ್ಜಿಯ ಊರು ನಂಗಲಿ ಕಡೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಆ ಅಜ್ಜಿ ಹಸೆಗೆ ಕರೆಯುವ ಹಾಡು, ಅರಿಶಿನದ ಹಾಡು, ಹೆಣ್ಣು ಒಪ್ಪಿಸುವ ಹಾಡು, ಬೀಸುವ ಹಾಡು ಎಲ್ಲ ಹೇಳುತ್ತಿದ್ದರಂತೆ. ಎರಡು ಸಾಲು ಕನ್ನಡ, ಎರಡು ಸಾಲು ತೆಲುಗು, ನಮ್ಮ ಸೀಮೆಯಲ್ಲಿ ಮಾತು ಹೇಗೋ ಹಾಡೂ ಹಾಗೇ. ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸಿದರೆ ಅವಳ ಗಂಟಲು ಕೊನೆಯ ಸಾಲಿನವರೆಗೂ ಕೇಳುತ್ತಿತ್ತು. ಮದುವೆಯಾದ ಮೇಲೆ ಹಾಡಿದ್ದು ನಾನು ಕಂಡಿರಲಿಲ್ಲ.

ಹೋದ ಮಾಘದಲ್ಲಿ ನಮ್ಮ ಮೈದುನನ ಮಗಳ ಮದುವೆ, ಇಲ್ಲೇ ಶ್ರೀನಿವಾಸಪುರದಲ್ಲಿ. ಗೆಳತಿಯರನ್ನೆಲ್ಲ ಕರೆದಿದ್ದೆ. ಹಿಂದಿನ ದಿನ ಚಪ್ಪರದಲ್ಲಿ ಅರಿಶಿನ ಹಚ್ಚುವಾಗ ಹಾಡುವವರೇ ಇಲ್ಲ. ಧ್ವನಿಪೆಟ್ಟಿಗೆಯಲ್ಲಿ ಸಿನಿಮಾ ಹಾಡು ಹಾಕಲು ಹುಡುಗರು ವೈರು ಜೋಡಿಸುತ್ತಿದ್ದರು. ನಾನೇ ಅವಳ ಕೈಹಿಡಿದು, "ಒಂದೇ ಒಂದು ಹೇಳೇ, ನಿಮ್ಮಜ್ಜಿದು" ಅಂದೆ. ಬೇಡ ಬೇಡ ಅಂತ ನೆಲ ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು ಶುರು ಮಾಡಿದಳು. ಮಾತು ನಿಂತಿತು. ಸೌಟು ಹಿಡಿದ ಅಡುಗೆಯವರು ಬಾಗಿಲಿಗೆ ಬಂದು ನಿಂತರು. ನಮ್ಮ ಅತ್ತೆ, ಎಂಬತ್ತು ದಾಟಿದವರು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ನಾನು? ನಾನು ಫೋನು ಹಿಡಿದುಕೊಂಡಿದ್ದೆ. ಆ ರಾತ್ರಿಯೇ ಫೇಸ್‌ಬುಕ್ಕಿಗೆ ಹಾಕಿದೆ. "ನಮ್ಮ ಕೋಲಾರದ ಪ್ರತಿಭೆ, ನನ್ನ ಪ್ರಾಣ ಸ್ನೇಹಿತೆ" ಎಂದು ಬರೆದು, ಅವಳ ಹೆಸರು, ಊರು, ಯಾರ ಮನೆ ಸೊಸೆ ಎಂಬುದೂ ಸೇರಿಸಿ. ಕೇಳಬೇಕು ಅಂತ ತಲೆಗೇ ಹೊಳೆಯಲಿಲ್ಲ. ಒಳ್ಳೆಯದಕ್ಕೆ ಯಾರಾದರೂ ಅಪ್ಪಣೆ ಕೇಳುತ್ತಾರೆಯೇ?

ಮೊದಲ ದಿನ ಎಲ್ಲ ಹೊಗಳಿಕೆಯೇ. ಲೈಕುಗಳನ್ನು ಎಣಿಸುತ್ತ ನನಗೇ ಪ್ರಶಸ್ತಿ ಬಂದಷ್ಟು ಸಂತೋಷ. ಎರಡನೇ ದಿನ ಗೊತ್ತುಗುರಿಯಿಲ್ಲದವರು ಬಂದರು. "ಇದು ಕನ್ನಡವೋ ತೆಲುಗೋ, ಮೊದಲು ಕನ್ನಡ ಕಲಿಯಲಿ" ಅಂತ ಒಬ್ಬ. ಅವನಿಗೆ ಇನ್ನೊಬ್ಬ ಉತ್ತರ ಕೊಟ್ಟು, ಅವರಿಬ್ಬರ ಜಗಳ ಅವಳ ಹಾಡಿನ ಕೆಳಗೆ ಮಾರುದ್ದ. ಮನೆಯಲ್ಲಿ ತಮಿಳು ಆಡುತ್ತಿದ್ದ ಮಾಸ್ತಿಯವರೇ ಕನ್ನಡದ ಆಸ್ತಿ ಎನಿಸಿಕೊಂಡ ತಾಲ್ಲೂಕಿನ ಹೆಣ್ಣಿಗೆ ಕನ್ನಡದ ಪಾಠ! ಮತ್ತೆ ಕೆಲವರು ಅವಳ ಮೈಕಟ್ಟು, ಅವಳ ಹಲ್ಲು, ಅವಳ ಸೀರೆ ಕುರಿತು ಬರೆದದ್ದನ್ನು ಇಲ್ಲಿ ಬರೆಯಲಾರೆ. ಯಾವ ಮನೆಯಲ್ಲಿ ಯಾವ ತಾಯಿ ಸಾಕಿದ ಮಕ್ಕಳೋ.

ಅದು ಅವಳ ಭಾವನವರ ಫೋನಿಗೂ ತಲುಪಿತು. ಹೆಸರು, ಮನೆತನ ಎಲ್ಲ ನಾನೇ ಬರೆದಿದ್ದೆನಲ್ಲ. ಮನೆ ಸೊಸೆಯನ್ನು ಊರೆಲ್ಲ ನೋಡುವಂತಾಯಿತು ಎಂದು ಮನೆಯಲ್ಲಿ ದೊಡ್ಡ ಮಾತಾಯಿತಂತೆ. ಅವಳ ಗಂಡ ಒಳ್ಳೆಯವರು, ಆದರೆ ಅಣ್ಣನ ಎದುರು ಬಾಯಿ ಬಿಡುವವರಲ್ಲ.

ಅವಳು ಫೋನು ಮಾಡಿದಳು. "ನನ್ನ ಒಂದು ಮಾತು ಕೇಳಬಾರದಾಗಿತ್ತೇನೇ?" ಅಂದಳು. ಅಷ್ಟೇ.

ಆಗಲಾದರೂ ತಪ್ಪಾಯಿತು ಅನ್ನಬೇಕಿತ್ತು. ನಾನು ವಾದಕ್ಕೆ ನಿಂತೆ ಸೋದರಿಯರೇ. "ಎಷ್ಟು ಜನ ಹೊಗಳಿದ್ದಾರೆ ಗೊತ್ತಾ, ನಾಲ್ಕು ಜನ ಕೆಟ್ಟವರ ಮಾತಿಗೆ ಯಾಕೆ ಬೆಲೆ ಕೊಡ್ತೀಯ" ಅಂತ. ಆ ಕಡೆ ಸದ್ದೇ ಇಲ್ಲ. ಸಂಜೆ ನೋಡಿದರೆ ಗ್ರೂಪಿನಲ್ಲಿ ಅವಳ ಹೆಸರಿನ ಮುಂದೆ ಹೊರಟುಹೋದಳೆಂಬ ಒಂದು ಬೂದು ಸಾಲು. ವೀಡಿಯೋ ತೆಗೆದುಹಾಕಿದೆ. ತೆಗೆದೇನು ಬಂತು? ಅಷ್ಟರಲ್ಲಿ ಯಾರೋ ಇಳಿಸಿಕೊಂಡು ವಾಟ್ಸಾಪಿನಲ್ಲಿ ಹರಿಬಿಟ್ಟಿದ್ದರು. 2018ರಲ್ಲಿ ಮಕ್ಕಳ ಕಳ್ಳರ ಗಾಳಿಸುದ್ದಿ ಹಬ್ಬಿ ಜನ ಪ್ರಾಣ ಕಳೆದುಕೊಂಡ ಮೇಲೆ, ಬಂದ ಸಂದೇಶವನ್ನು ಒಂದು ಸಲಕ್ಕೆ ಐದೇ ಕಡೆ ದಾಟಿಸಬಹುದು ಎಂದು ಕಂಪನಿಯವರು ಕಟ್ಟು ಹಾಕಿದರಂತೆ. ಐದು ಐದಲೆ ಇಪ್ಪತ್ತೈದು, ಇಪ್ಪತ್ತೈದು ಐದಲೆ ನೂರಿಪ್ಪತ್ತೈದು. ಲೆಕ್ಕ ಹಾಕಿದರೆ ಊರು ಸುತ್ತಲು ಎಷ್ಟು ಹೊತ್ತು ಬೇಕು?

ನನ್ನ ಮಗ ಆಮೇಲೆ ತೋರಿಸಿಕೊಟ್ಟ. ಫೇಸ್‌ಬುಕ್ಕಿನಲ್ಲಿ ನಾವು ಹಾಕಿದ್ದರ ಪಕ್ಕ ಪುಟ್ಟ ಭೂಗೋಳದ ಗುರುತಿದ್ದರೆ ಅದು ಲೋಕಕ್ಕೆಲ್ಲ ಕಾಣುತ್ತದೆ, ಅದನ್ನು ಒತ್ತಿ 'ಫ್ರೆಂಡ್ಸ್' ಎಂದು ಮಾಡಿದರೆ ನಮ್ಮ ಸ್ನೇಹಿತರಿಗಷ್ಟೇ. ಕೆಳಗೆ ಯಾರು ಮಾತು ಬರೆಯಬಹುದು ಎಂಬುದಕ್ಕೂ ಹತೋಟಿ ಇದೆ. ನಿಮಗೂ ಗೊತ್ತಿಲ್ಲದಿದ್ದರೆ ಇವತ್ತೇ ಮಕ್ಕಳ ಕೈಲಿ ಕೇಳಿ ತಿಳಿದುಕೊಳ್ಳಿ. ಸ್ನೇಹಿತರಿಗೆ ಮಾತ್ರ ಹಾಕಿದರೂ ಕೇಳದೆ ಹಾಕಿದ್ದು ಕೇಳದೆ ಹಾಕಿದ್ದೇ, ಅದು ಬೇರೆ ವಿಷಯ.

ಎರಡು ತಿಂಗಳು ಅವಳು ನನ್ನ ಕರೆ ಎತ್ತಲಿಲ್ಲ. ಯುಗಾದಿ ಕಳೆದ ಮೇಲೆ ಯಜಮಾನರೇ "ಫೋನಿನಲ್ಲಿ ಕೆಟ್ಟದ್ದು ಫೋನಿನಲ್ಲಿ ಸರಿಹೋಗುತ್ತಾ, ಹೋಗಿ ಬಾ" ಅಂದರು. ಒಂದು ಬುಟ್ಟಿ ಉಪ್ಪಿನಕಾಯಿಗಾಗುವ ಮಾವಿನಕಾಯಿ ಹಿಡಿದು ಹೊರಟೆ. ಕೋಲಾರದಲ್ಲಿ ಬಸ್ಸು ಬದಲಾಯಿಸಬೇಕು. ಹೆದ್ದಾರಿಯುದ್ದಕ್ಕೂ ಟೊಮೇಟೊ ಕ್ರೇಟಿನ ಲಾರಿಗಳು, ಬಿಸಿಲು, ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. ಮೂವತ್ತು ವರ್ಷದ ಸ್ನೇಹಿತೆಯ ಮನೆ ಬಾಗಿಲು ತಟ್ಟಲು ಅಷ್ಟು ಹೆದರಿದ್ದು ಅದೇ ಮೊದಲು.

ಬಾಗಿಲು ತೆಗೆದಳು, ಕೂರಿಸಿದಳು, ಕಾಫಿ ಕೊಟ್ಟಳು. ಮಾವಿನಕಾಯಿಯ ತೊಟ್ಟು ಮುರಿದು ಮೂಸಿದಳು. ನಾನು ತಪ್ಪಾಯಿತು ಅಂದೆ. ಅದಕ್ಕೆ ಅವಳು ಏನೂ ಅನ್ನಲಿಲ್ಲ. ಬಹಳ ಹೊತ್ತಾದ ಮೇಲೆ, "ಹಾಡನ್ನ ಅರ್ಧಕ್ಕೇ ನಿಲ್ಲಿಸಿದ್ದೀಯಲ್ಲೇ" ಅಂದಳು. ನನಗೆ ಅರ್ಥವಾಗಲಿಲ್ಲ. "ಕೊನೇ ನಾಲ್ಕು ಸಾಲಿನಲ್ಲೇ ಹೆಣ್ಣಿಗೆ ಹರಸೋದು. ಅದು ಇಲ್ಲದೆ ಹಾಡಬಾರದು ಅಂತ ಅಜ್ಜಿ ಹೇಳ್ತಿದ್ದರು. ನೀನು ಅಲ್ಲಿಗೆ ಫೋನು ಆರಿಸಿದ್ದೆ."

ಮೂರು ನಿಮಿಷವಾಯಿತು, ಜನ ಉದ್ದ ಇದ್ದರೆ ನೋಡುವುದಿಲ್ಲ ಎಂದು ನಾನೇ ಕತ್ತರಿಸಿದ್ದೆ. ಭಾವನವರ ಮಾತಿಗಿಂತ, ಆ ಕೊಳಕು ಮಾತುಗಳಿಗಿಂತ ಅವಳಿಗೆ ನೋವಾಗಿದ್ದದ್ದು ಇದಕ್ಕೆ. ಅವಳ ಹಾಡನ್ನು ಪ್ರತಿಭೆ ಎಂದು ಬರೆದ ನಾನು ಅದನ್ನು ಪೂರ್ತಿ ಕೇಳಿಯೇ ಇರಲಿಲ್ಲ.

ಆಮೇಲೆ ಒಳಗಿನಿಂದ ಒಂದು ನೋಟುಪುಸ್ತಕ ತಂದಳು. ಮಗನ ಹಳೆಯ ಲೆಕ್ಕದ ಪುಸ್ತಕ, ಹಿಂದಿನಿಂದ ಶುರುಮಾಡಿ ಬರೆದದ್ದು. ಅಜ್ಜಿಯ ಹಾಡುಗಳು, ಅರವತ್ತಕ್ಕೂ ಮೇಲೆ. ಯಾವ ಹಾಡು ಯಾವ ಶಾಸ್ತ್ರಕ್ಕೆ, ಯಾರು ಹೇಳಿಕೊಟ್ಟದ್ದು, ತೆಲುಗು ಸಾಲುಗಳನ್ನೂ ಕನ್ನಡ ಅಕ್ಷರದಲ್ಲೇ. ಹಲಸಂಗಿ ಗೆಳೆಯರು ಬಿಜಾಪುರದ ಕಡೆ ಹೀಗೇ ಹೆಂಗಸರ ಬಾಯಿಂದ ಕೇಳಿ ಬರೆದು 1931ರಲ್ಲಿ 'ಗರತಿಯ ಹಾಡು' ತಂದರು. ಅದು ನೆನಪಾಗಿ ಹೇಳಿದೆ. "ಆ ಹಾಡಿದ ಹೆಂಗಸರ ಹೆಸರು ಅದರಲ್ಲಿದೆಯೇನೇ?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಇವಳ ಪುಸ್ತಕದಲ್ಲಿ ಪ್ರತಿ ಹಾಡಿನ ಕೆಳಗೂ ಒಬ್ಬೊಬ್ಬರ ಹೆಸರಿದೆ: ಅಜ್ಜಿ, ಅಜ್ಜಿಯ ಅಕ್ಕ, ನೆರೆಮನೆಯ ಅಗಸರ ಹೆಂಗಸು, ಬಳೆ ಮಾರುತ್ತಿದ್ದವಳು. ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದಾಳೆ. ದಿನಾ ಬೆಳಗ್ಗೆ ಸಂದೇಶ ಕಳಿಸುತ್ತಿದ್ದ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ.

ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಅರಿಶಿನ ಕುಂಕುಮ ಕೊಡುವಾಗ, ಬಾಗಿಲು ಮುಂದೆ ಮಾಡಿ, ಆ ಕೊನೆಯ ನಾಲ್ಕು ಸಾಲನ್ನು ಮೆಲ್ಲಗೆ ಹೇಳಿದಳು. ನನ್ನ ಫೋನು ಚೀಲದೊಳಗಿತ್ತು.

ಗ್ರೂಪಿಗೆ ಅವಳು ತಿರುಗಿ ಬಂದಿಲ್ಲ. ಬರುವಳೋ ಇಲ್ಲವೋ, ಕೋಲಾರದವಳು ಎರಡು ಸಲ ಕೇಳಿ ಸುಮ್ಮನಾಗಿದ್ದಾಳೆ. ಈಗ ನಾನು ವಾರಕ್ಕೊಂದು ಸಲ ಅವಳಿಗೆ ಫೋನು ಮಾಡುತ್ತೇನೆ, ಮಧ್ಯಾಹ್ನ ಅವರ ಮನೆಯಲ್ಲಿ ಎಲ್ಲರ ಊಟವಾದ ಮೇಲೆ. ಈ ಬರಹವನ್ನೂ ಕಳಿಸುವ ಮುಂಚೆ ಅವಳಿಗೆ ಪೂರ್ತಿ ಓದಿ ಹೇಳಿದೆ. ಎರಡು ಕಡೆ "ಇದು ಬೇಡ" ಅಂದಳು, ತೆಗೆದೆ. ಊರಿನ ಹೆಸರು ಇರಲಿ, ತನ್ನ ಹೆಸರು ಬೇಡ ಅಂದಳು. ಹಾಡಿನ ಪುಸ್ತಕದ ವಿಷಯ ಬರೆಯಲೇ ಎಂದು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಯೋಚಿಸಿ, "ಬರಿ, ಹಾಡು ಮಾತ್ರ ಬರೀಬೇಡ" ಅಂದಳು.