ಮೊದಲು ದನಿ, ಆಮೇಲೆ ಚಿತ್ರ

ಎಕ್ಕಂಬಿಯಿಂದ ದಿನಾ ಬಸ್ಸು ಹಿಡಿದು ಶಿರಸಿಗೆ ಹೋಗಿ ಬಿ.ಎ. ಓದುವ ಹುಡುಗಿಗೆ ಅಪ್ಪಿಕೊ ಚಳವಳಿಯ ಮೇಲೆ ಅಸೈನ್‌ಮೆಂಟ್ ಸಿಕ್ಕಿದೆ ಅಂದುಕೊಳ್ಳಿ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಕಡೆಯ ಜನ ಕಾಡಿಗೆ ಹೋಗಿ ಕೊಡಲಿಗೆ ಅಡ್ಡವಾಗಿ ಮರ ಅಪ್ಪಿ ನಿಂತರು. ಇಷ್ಟನ್ನು ನೆಟ್‌ನಿಂದ ಇಳಿಸಿ, ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿ ಕೊಟ್ಟರೆ ಕೆಲಸ ಮುಗಿಯಿತು. ಇದನ್ನೇ ಮೂರು ನಿಮಿಷದ ಡಿಜಿಟಲ್ ಕಥೆ ಮಾಡಿ ತಾ ಅಂದರೆ ಮಾತ್ರ ಆ ದಿನಗಳನ್ನು ಕಂಡ ಅಜ್ಜಿಯ ಪಕ್ಕ ಕೂರದೆ ಗತಿಯಿಲ್ಲ.

ಡಿಜಿಟಲ್ ಕಥೆ ಅಂದರೆ ಸ್ವಂತ ದನಿಯಲ್ಲಿ ಓದಿದ ಪುಟ್ಟ ಬರಹ, ಜತೆಗೆ ಹತ್ತು ಹದಿನೈದು ಫೋಟೊ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜೋ ಲ್ಯಾಂಬರ್ಟ್, ಡಾನಾ ಆಚ್ಲಿ ಮತ್ತಿತರರು ಇದರ ಕಾರ್ಯಾಗಾರ ಶುರುಮಾಡಿದರು. ಆಮೇಲೆ ವಿಶ್ವವಿದ್ಯಾಲಯಗಳೂ ಇದನ್ನು ತರಗತಿಗೆ ತಂದುಕೊಂಡವು.

ಕಂಪ್ಯೂಟರ್ ಮುಟ್ಟುವ ಮೊದಲು ಎಲ್ಲರೂ ಸುತ್ತ ಕೂತು ಕರಡು ಓದಬೇಕು. ಪಾಠವೆಲ್ಲ ನಡೆಯುವುದು ಇಲ್ಲೇ. ‘ಅಜ್ಜಿ ತುಂಬಾ ಕಷ್ಟಪಟ್ಟಳು’ ಎಂದು ಬರೆದಿದ್ದರೆ, ‘ಏನು ಕಷ್ಟ?’ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಆಗ ಸೊಂಟದ ಕೊಕ್ಕೆ, ಹಿಡಿ ಸವೆದ ಕತ್ತಿ, ಬೆಟ್ಟದಿಂದ ಕೊಟ್ಟಿಗೆಗೆ ಬರುತ್ತಿದ್ದ ಸೊಪ್ಪಿನ ಹೊರೆ ಒಂದೊಂದಾಗಿ ಹೊರಬರುತ್ತವೆ. ಸೊಪ್ಪು ಗೊಬ್ಬರವಾಗಿ ಅಡಕೆ ತೋಟಕ್ಕೆ ಹೋಗಬೇಕು. ಕಾಡು ಹೋದರೆ ಅಡಕೆಯೂ ಹೋಯಿತು. ಚಳವಳಿಯ ಕಾರಣ ಅವಳಿಗೆ ಪುಸ್ತಕಕ್ಕಿಂತ ಮೊದಲು ಕೊಟ್ಟಿಗೆಯಲ್ಲೇ ಸಿಕ್ಕಿತು.

ಬರಹ 250 ಪದ ದಾಟಬಾರದು. ಹೆಚ್ಚಿನವರು ಫೋಟೊ ಜೋಡಿಸಿಕೊಂಡು ಆಮೇಲೆ ಮಾತು ತುಂಬುತ್ತಾರೆ, ಮದುವೆ ಆಲ್ಬಮ್ಮಿನ ಹಾಗೆ. ತಪ್ಪುವುದು ಅಲ್ಲೇ. ಮೊದಲು ದನಿ ಮುದ್ರಿಸಿ. ಮೊಬೈಲನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಬಾಯಿಂದ ಒಂದು ಗೇಣು ದೂರ ಹಿಡಿದು, ಕಂಬಳಿ ಹೊದ್ದು ಓದಿದರೆ ಸ್ಟುಡಿಯೊ ಬೇಡ. ಆದರೆ ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಬೀಳುವಾಗ ಕಂಬಳಿಯೂ ಕೈಕೊಡುತ್ತದೆ, ಮಳೆ ಬಿಡುವವರೆಗೆ ಕಾಯಿರಿ. ಕಾಸು ಕೊಡಬೇಕಿಲ್ಲದ ಆಡಾಸಿಟಿಯಲ್ಲಿ ತೊದಲಿದ್ದನ್ನು ಕತ್ತರಿಸಿ, ಓಪನ್‌ಶಾಟ್‌ನಲ್ಲಿ ಆ ದನಿಯ ಅಳತೆಗೆ ಫೋಟೊ ಕೂರಿಸಿ. ಕತ್ತಿ ಎಂಬ ಮಾತಿಗೆ ಕತ್ತಿಯನ್ನೇ ತೋರಿಸಬೇಕಿಲ್ಲ, ಅಜ್ಜಿಯ ಅಂಗೈ ಸಾಕು.

ಅಂಕ ಕೊಡುವವರು ಎಫೆಕ್ಟ್ ನೋಡಿ ಮರುಳಾಗಬಾರದು. ಮೊದಲ ಕರಡನ್ನೂ ಕೊನೆಯದನ್ನೂ ಅಕ್ಕಪಕ್ಕ ಇಟ್ಟುಕೊಂಡರೆ ಯಾರು ಎಷ್ಟು ಕಲಿತರೆಂದು ತಿಳಿಯುತ್ತದೆ.

ತರಗತಿಗೆ ಹಾಕುವ ಮೊದಲು ಅಜ್ಜಿಗೆ ತೋರಿಸಲೇಬೇಕು. ‘ಆ ಫಾರೆಸ್ಟ್ ಗಾರ್ಡಿನ ಹೆಸರು ಬೇಡ ಕೂಸೇ’ ಅಂದರೆ ತೆಗೆಯಬೇಕು. ಅಲ್ಲಿ ಎರಡು ಸೆಕೆಂಡು ಮಾತಿಲ್ಲದೆ ಬಿಟ್ಟರೂ ಆದೀತು.