ಹುಣ್ಣಿಮೆಯ ಲೆಕ್ಕ, ಗೋದಲಿಯ ರಾಗಿ ಪೈರು

ಹಾನಗಲ್ಲ ತಾಲೂಕಿನ ತಿಳವಳ್ಳಿಯ ಕಡೆಯ ಮಕ್ಕಳಿಗೆ ಹುಣ್ಣಿಮೆಗಳ ಹೆಸರನ್ನು ಯಾರೂ ಪಾಠ ಮಾಡಿ ಕಲಿಸುವುದಿಲ್ಲ. ಕಾರಹುಣ್ಣಿಮೆಗೆ ಎತ್ತುಗಳ ಮೈತೊಳೆದು ಬಣ್ಣ ಹಚ್ಚುತ್ತಾರೆ. ಸೀಗಿ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಹೋಳಿ ಹುಣ್ಣಿಮೆಗೆ ಹಲಗೆ ಬಡಿಯುತ್ತಾರೆ. ಮಾಡುವುದು ಮೊದಲು, ಅರ್ಥ ಆಮೇಲೆ. ‘ಇದನ್ನು ಯಾಕೆ ಮಾಡತಾರ?’ ಎಂದು ಮಗು ಕೇಳಿದಾಗ ಅಜ್ಜ ಅಜ್ಜಿ ಹೇಳುತ್ತಾರೆ.

ಕ್ರೈಸ್ತ ಸಭೆಗಳು ಮಕ್ಕಳಿಗೆ ತಮ್ಮ ನಂಬಿಕೆಯನ್ನು ಕಲಿಸುತ್ತ ಬಂದಿರುವ ಬಗೆಯೂ ಹೆಚ್ಚು ಬೇರೆಯದಲ್ಲ. ಅಲ್ಲಿ ಇಡೀ ವರ್ಷವೇ ಒಂದು ಪಠ್ಯಪುಸ್ತಕ. ಕ್ರಿಸ್ಮಸ್‌ಗೆ ನಾಲ್ಕು ರವಿವಾರ ಮೊದಲು ಆಗಮನ ಕಾಲದಿಂದ ವರ್ಷ ಆರಂಭವಾಗುತ್ತದೆ. ಬಳಿಕ ಕ್ರಿಸ್ಮಸ್, ಲೆಂಟ್ ಎಂಬ ತಪಸ್ಸಿನ ಕಾಲ, ಈಸ್ಟರ್, ಪೆಂತೆಕೋಸ್ತ. ಉಳಿದ ತಿಂಗಳುಗಳೆಲ್ಲ ಸಾಧಾರಣ ಕಾಲ. ಪೀಠದ ಬಟ್ಟೆಯ ಬಣ್ಣವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಆಗಮನ ಮತ್ತು ತಪಸ್ಸಿನ ಕಾಲಕ್ಕೆ ನೇರಳೆ, ಹಬ್ಬಗಳಿಗೆ ಬಿಳಿ, ಪೆಂತೆಕೋಸ್ತಕ್ಕೆ ಕೆಂಪು, ಸಾಧಾರಣ ಕಾಲಕ್ಕೆ ಹಸಿರು. ಅಕ್ಷರ ಬಾರದ ಮಗುವೂ ಬಟ್ಟೆ ನೋಡಿ ಇದು ಯಾವ ಕಾಲವೆಂದು ಹೇಳಬಲ್ಲದು. ಎಲ್ಲ ಪಂಗಡಗಳೂ ಈ ಪಂಚಾಂಗವನ್ನು ಅನುಸರಿಸುವುದಿಲ್ಲ ಎಂಬುದು ಬೇರೆ ಮಾತು; ಕಥೋಲಿಕರು ಮತ್ತು ದಕ್ಷಿಣ ಭಾರತ ಸಭೆಯವರು ಅನುಸರಿಸುತ್ತಾರೆ.

ಮೇಣದಬತ್ತಿಯ ಚಕ್ರ

ಆಗಮನ ಕಾಲದ ಪ್ರತಿ ರವಿವಾರ ಒಂದೊಂದಾಗಿ ನಾಲ್ಕು ಮೇಣದಬತ್ತಿ ಹಚ್ಚುವ ಪದ್ಧತಿಯನ್ನು ಇಂದು ಅನೇಕ ಚರ್ಚುಗಳಲ್ಲಿ ಕಾಣಬಹುದು. ಇದು ತೀರ ಹಳೆಯದೇನಲ್ಲ, ಮಕ್ಕಳ ಕಾಟದಿಂದ ಹುಟ್ಟಿದ್ದು! ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಕ್ ವಿಖರ್ನ್ ಅವರನ್ನು ಮಕ್ಕಳು ದಿನವೂ ‘ಕ್ರಿಸ್ಮಸ್ ಬಂತೇ?’ ಎಂದು ಕೇಳುತ್ತಿದ್ದರಂತೆ. 1839ರಲ್ಲಿ ಅವರು ಒಂದು ಗಾಡಿಚಕ್ರಕ್ಕೆ ರವಿವಾರಗಳಿಗಾಗಿ ನಾಲ್ಕು ದೊಡ್ಡ ಬತ್ತಿ, ಉಳಿದ ದಿನಗಳಿಗೆ ಸಣ್ಣ ಬತ್ತಿಗಳನ್ನು ಸಿಕ್ಕಿಸಿ ತೂಗುಹಾಕಿದರು. ಮಕ್ಕಳು ತಾವೇ ಎಣಿಸಿಕೊಂಡರು.

ಅದೇ 1839ರಲ್ಲಿ ಬಾಸೆಲ್ ಮಿಶನ್ನಿನವರು ಹುಬ್ಬಳ್ಳಿಗೆ ಬಂದು ನೆಲೆಸಿದರು. 1834ರಲ್ಲಿ ಮಂಗಳೂರಿನಲ್ಲಿ ಇಳಿದ ಈ ಮಿಶನ್ 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಗದಗಿನ ಬೆಟಗೇರಿಗೆ ಬಂತು. ಅವರೊಡನೆ ಬಂದ ಪಂಚಾಂಗ ಯುರೋಪಿನದು. ಡಿಸೆಂಬರಿನಲ್ಲಿ ಬಾಸೆಲ್ ನಗರದ ಹಗಲು ಸುಮಾರು ಎಂಟೂವರೆ ಗಂಟೆ ಮಾತ್ರ. ಅಲ್ಲಿ ಕತ್ತಲೆಯಲ್ಲಿ ಬೆಳಕು ಬಂತು ಎಂದರೆ ಮಗುವಿಗೆ ವಿವರಿಸಬೇಕಾಗಿಲ್ಲ. ಹಾನಗಲ್ಲಿನ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಹೆಚ್ಚಿರುತ್ತದೆ. ಆಗ ಇಲ್ಲಿ ಭತ್ತದ ಸುಗ್ಗಿಯ ಗಡಿಬಿಡಿ. ಆದ್ದರಿಂದ ಪಾಠ ಹೇಳುವವರು ಇಲ್ಲಿಯ ನೆಲದಿಂದಲೇ ಉದಾಹರಣೆ ಹುಡುಕಬೇಕಾಯಿತು. ನಿಘಂಟಿನಿಂದ ನಮಗೆ ಪರಿಚಿತರಾದ ಫರ್ಡಿನಂಡ್ ಕಿಟ್ಟೆಲ್ ಅವರು 1862ರಲ್ಲಿ ಯೇಸುವಿನ ಜೀವನವನ್ನು ‘ಕಥಾಮಾಲೆ’ಯಲ್ಲಿ ಕನ್ನಡ ಪದ್ಯಕ್ಕಿಳಿಸಿದರು. ಹಾಡಿ ಕೇಳುವ ಜನಕ್ಕೆ ಹಾಡಿನಲ್ಲೇ ಹೇಳಬೇಕೆಂಬುದು ಅವರಿಗೆ ಹೊಳೆದಿತ್ತು.

ನೆಲದಿಂದ ಬಂದ ಇನ್ನೊಂದು ಪಾಠ ರಾಗಿಯದು. ಕ್ರಿಸ್ಮಸ್ ಗೋದಲಿಯ ಸುತ್ತ ಹಸಿರು ಬಯಲು ಬೇಕು. ಅದಕ್ಕಾಗಿ ನಮ್ಮಲ್ಲಿ ಅನೇಕ ಮನೆಗಳ ಮಕ್ಕಳು ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಬಿತ್ತುತ್ತಾರೆ. ಡಿಸೆಂಬರ್ 14ರ ಸುಮಾರಿಗೆ ಬಿತ್ತಿದರೆ ಮೂರು ನಾಲ್ಕು ದಿನಕ್ಕೆ ಮೊಳಕೆ. ಹಬ್ಬದ ಹೊತ್ತಿಗೆ ನಾಲ್ಕು ಬೆರಳೆತ್ತರದ ಪೈರು. ಚಳಿ ಹೆಚ್ಚಿದ್ದರೆ ಎರಡು ದಿನ ತಡವಾದೀತು. ತಟ್ಟೆಯನ್ನು ಕತ್ತಲೆಯ ಮೂಲೆಯಲ್ಲಿಟ್ಟರೆ ಪೈರು ಉದ್ದುದ್ದ ಬೆಳೆದು ಬಿಳಿಚಿಕೊಂಡು ಮಲಗಿಬಿಡುತ್ತದೆ, ಏಕೆಂದರೆ ಬೆಳಕಿಲ್ಲದೆ ಪತ್ರಹರಿತ್ತು ಆಗುವುದಿಲ್ಲ. ಸುವಾರ್ತೆಯಲ್ಲಿ ಬಿತ್ತುವವನ ಸಾಮ್ಯವೊಂದಿದೆ. ಬೀಜ ದಾರಿಯ ಮೇಲೆ, ಕಲ್ಲುನೆಲದಲ್ಲಿ, ಮುಳ್ಳಿನ ನಡುವೆ, ಒಳ್ಳೆಯ ಮಣ್ಣಿನಲ್ಲಿ ಬೀಳುತ್ತದೆ. ನಾಲ್ಕು ತಟ್ಟೆ ಮಾಡಿ, ಒಂದರಲ್ಲಿ ಗಟ್ಟಿಯಾಗಿ ಒತ್ತಿದ ಮಣ್ಣು, ಒಂದರಲ್ಲಿ ಜಲ್ಲಿಯ ಮೇಲೆ ತೆಳ್ಳಗೆ ಮಣ್ಣು, ಒಂದರಲ್ಲಿ ಕಳೆ ಸಮೇತ ತಂದ ಮಣ್ಣು, ಒಂದರಲ್ಲಿ ಗೊಬ್ಬರದ ಮಣ್ಣು ಹಾಕಿ ಬಿತ್ತಲು ಕೊಟ್ಟರೆ ಹುಡುಗರು ಆ ಕಥೆಯನ್ನು ಜನ್ಮದಲ್ಲಿ ಮರೆಯರು. ಸಸ್ಯಶಾಸ್ತ್ರವೂ ಬಂತು, ಧರ್ಮಪಾಠವೂ ಬಂತು.

ಜಾರುವ ಹಬ್ಬ

ಕ್ರಿಸ್ಮಸ್ ಡಿಸೆಂಬರ್ 25ನ್ನು ಬಿಟ್ಟು ಕದಲುವುದಿಲ್ಲ. ಈಸ್ಟರ್ ಮಾತ್ರ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬರಬಹುದು. ಮಕ್ಕಳು ಇದೇಕೆ ಹೀಗೆ ಎಂದು ಕೇಳದೆ ಬಿಡುವುದಿಲ್ಲ. ಯೇಸುವನ್ನು ಶಿಲುಬೆಗೇರಿಸಿದ್ದು ಯೆಹೂದ್ಯರ ಪಸ್ಕ ಹಬ್ಬದ ಹೊತ್ತಿನಲ್ಲಿ. ಆ ಹಬ್ಬ ವಸಂತದ ಹುಣ್ಣಿಮೆಗೆ ಬರುತ್ತದೆ. ಕ್ರಿ.ಶ. 325ರ ನಿಕೇಯ ಸಭೆ ಎಲ್ಲರೂ ಒಂದೇ ರವಿವಾರ ಈಸ್ಟರ್ ಆಚರಿಸಬೇಕೆಂದು ನಿರ್ಣಯಿಸಿತು. ಕ್ರಮೇಣ ನೆಲೆಗೊಂಡ ನಿಯಮ ಇದು: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯಾದ ಮೇಲಿನ ರವಿವಾರ ಈಸ್ಟರ್. ಹುಣ್ಣಿಮೆಯೇ ರವಿವಾರ ಬಿದ್ದರೆ ಮುಂದಿನ ರವಿವಾರ. ಚರ್ಚು ಆಕಾಶ ನೋಡದೆ ಕೋಷ್ಟಕದಿಂದ ಹುಣ್ಣಿಮೆ ಲೆಕ್ಕಹಾಕುವುದರಿಂದ ಒಮ್ಮೊಮ್ಮೆ ಒಂದೆರಡು ದಿನದ ವ್ಯತ್ಯಾಸ ಬರುತ್ತದೆ.

ಮನೆಯ ಗೋಡೆಯ ಕ್ಯಾಲೆಂಡರಿನಲ್ಲೇ ಇದನ್ನು ತಾಳೆ ನೋಡಬಹುದು. 2024ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 25ಕ್ಕೆ ಮುಗಿಯಿತು, ಈಸ್ಟರ್ 31ಕ್ಕೆ. 2025ರಲ್ಲಿ ಚರ್ಚಿನ ಲೆಕ್ಕದ ಹುಣ್ಣಿಮೆ ಏಪ್ರಿಲ್ 13, ರವಿವಾರ. ಹಾಗಾಗಿ ಈಸ್ಟರ್ 20ಕ್ಕೆ ಹೋಯಿತು. 2026ರಲ್ಲಿ ದವನದ ಹುಣ್ಣಿಮೆ ಏಪ್ರಿಲ್ 2, ಈಸ್ಟರ್ ಏಪ್ರಿಲ್ 5. ಹುಣ್ಣಿಮೆಯನ್ನು ಬಲ್ಲ ತಿಳವಳ್ಳಿಯ ಹುಡುಗನಿಗೆ, ಅವನು ಯಾವ ಧರ್ಮದವನೇ ಇರಲಿ, ಈ ಲೆಕ್ಕ ಪರಕೀಯವೆನಿಸದು.

ಇಲ್ಲೇ ಒಂದು ಗಟ್ಟಿ ಪ್ರಶ್ನೆ ಏಳುತ್ತದೆ. ಯೇಸು ಶಿಲುಬೆಯ ಮೇಲಿದ್ದಾಗ ಮೂರು ತಾಸು ಕತ್ತಲೆ ಕವಿಯಿತೆಂದು ಸುವಾರ್ತೆ ಹೇಳುತ್ತದೆ. ‘ಅದು ಸೂರ್ಯಗ್ರಹಣವೇ?’ ಅಲ್ಲ. ಸೂರ್ಯಗ್ರಹಣ ಅಮಾವಾಸ್ಯೆಗೆ ಮಾತ್ರ ಸಾಧ್ಯ; ಪಸ್ಕ ಬರುವುದು ಹುಣ್ಣಿಮೆಗೆ. ಪೂರ್ಣಗ್ರಹಣದ ಕತ್ತಲೆಯೂ ಒಂದೇ ಸ್ಥಳದಲ್ಲಿ ಏಳೂವರೆ ನಿಮಿಷ ದಾಟುವುದಿಲ್ಲ. ಈ ಮಾತನ್ನು ಕ್ರೈಸ್ತ ವಿದ್ವಾಂಸರೇ ಶತಮಾನಗಳ ಹಿಂದೆ ಹೇಳಿದ್ದಾರೆ. 13ನೇ ಶತಮಾನದಲ್ಲಿ ಸಾಕ್ರೊಬಾಸ್ಕೊ ಬರೆದ ಖಗೋಳದ ಪಠ್ಯಪುಸ್ತಕ ಮುಗಿಯುವುದೇ ಈ ಚರ್ಚೆಯಿಂದ. ‘ಗ್ರಹಣವಿರಬೇಕು’ ಎಂದು ಹೇಳಿ ಮಗುವಿನ ಬಾಯಿ ಮುಚ್ಚಿಸುವ ಶಿಕ್ಷಕ ವಿಜ್ಞಾನವನ್ನೂ ಕೆಡಿಸುತ್ತಾನೆ, ನಂಬಿಕೆಯನ್ನೂ ಕೆಡಿಸುತ್ತಾನೆ. ಇದು ಗ್ರಹಣವಲ್ಲ, ಬರೆದವನು ಹೇಳಹೊರಟದ್ದು ಖಗೋಳದ ಸುದ್ದಿಯಲ್ಲ ಎಂದು ನೇರವಾಗಿ ಹೇಳಿದರೆ ಏನೂ ನಷ್ಟವಿಲ್ಲ. ಮುಂದೆ ಶಾಲೆಯಲ್ಲಿ ಗ್ರಹಣದ ಚಿತ್ರ ಬರೆಯುವಾಗ ಹುಡುಗನಿಗೆ ಹೇಗೂ ಗೊತ್ತಾಗುತ್ತದೆ. ಆಗ ಅವನು ಮೊದಲು ಅನುಮಾನಿಸುವುದು ತನಗೆ ಪಾಠ ಹೇಳಿದವರನ್ನು.

ಈಗಿನ ದೊಡ್ಡ ತೊಡಕು ಪರೀಕ್ಷೆಯದು. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 25ಕ್ಕೆ ಆರಂಭವಾಯಿತು. ಶುಭ ಶುಕ್ರವಾರ 29ಕ್ಕೆ. ವರ್ಷದ ಅತಿ ಗಂಭೀರ ವಾರವೂ ಪರೀಕ್ಷೆಯ ವಾರವೂ ಒಂದೇ ಆಯಿತು. ಮುಂಚಿನ ರವಿವಾರಗಳನ್ನು ಟ್ಯೂಶನ್ ನುಂಗಿರುತ್ತದೆ. ‘ಈ ಒಂದು ವರ್ಷ ರವಿವಾರದ ಶಾಲೆ ಬಿಡಲಿ’ ಎಂದು ತಂದೆತಾಯಿ ಹೇಳುತ್ತಾರೆ. ಎಂಟನೆಯ ತರಗತಿಯಿಂದಲೇ ಹೀಗೆ ಶುರುವಾದರೆ ಆ ಒಂದು ವರ್ಷ ಮೂರಾಗುತ್ತದೆ, ಮತ್ತೆ ಮಗು ಹಿಂದಿರುಗುವುದು ಅಪರೂಪ. ಪಾಲಕರನ್ನಷ್ಟೇ ದೂರುವುದು ಸರಿಯಲ್ಲ. ರವಿವಾರದ ಶಾಲೆಯೂ ಪ್ರಶ್ನೋತ್ತರ ಬಾಯಿಪಾಠ, ಪರೀಕ್ಷೆ, ಬಹುಮಾನ ಎಂದು ಇನ್ನೊಂದು ಟ್ಯೂಶನ್ ಆಗಿಬಿಟ್ಟರೆ ಅಂಕ ತರುವ ಟ್ಯೂಶನ್ನೇ ಗೆಲ್ಲುತ್ತದೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಇಂಥ ಶಾಲೆ ತೆರೆದದ್ದು ವಾರವಿಡೀ ದುಡಿಯುತ್ತಿದ್ದ ಮಕ್ಕಳಿಗೆ ಓದು ಕಲಿಸಲೆಂದು. ಈಗಿನ ಮಕ್ಕಳು ಆರು ದಿನ ಓದಿಯೇ ದಣಿದಿರುತ್ತಾರೆ.

ಕರಾವಳಿಯ ಕಥೋಲಿಕರ ಮೊಂತಿ ಹಬ್ಬವನ್ನು ಇಲ್ಲಿ ನೆನೆಯಬೇಕು. ಸೆಪ್ಟೆಂಬರ್ 8ಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂ ಒಯ್ದು ಮರಿಯಮ್ಮನ ಮುಂದೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆ ಮನೆಗೆ ಬರುತ್ತದೆ, ಮನೆಮಂದಿಯೆಲ್ಲ ಕೂಡಿ ಶಾಕಾಹಾರದ ಊಟ ಮಾಡುತ್ತಾರೆ. ತರಗತಿ ಇಲ್ಲ, ಪುಸ್ತಕವಿಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು, ಟ್ಯೂಶನ್ನಿಗೂ ಅಡ್ಡಿಯಿಲ್ಲ.

ತಪಸ್ಸಿನ ಕಾಲಕ್ಕೂ ಇಂಥ ಒಂದು ಸಣ್ಣ ಕೆಲಸವಿದೆ. ಆ ಕಾಲ ನಲವತ್ತು ದಿನ ಎನ್ನುತ್ತಾರೆ. ಬೂದಿ ಬುಧವಾರದಿಂದ ಎಣಿಸಿದ ಮಗು ನಲವತ್ತಾರು ಎಂದು ತಕರಾರು ತೆಗೆಯುತ್ತದೆ. ನಡುವಿನ ಆರು ರವಿವಾರಗಳು ಉಪವಾಸದ ಲೆಕ್ಕಕ್ಕೆ ಸೇರುವುದಿಲ್ಲ. ಆ ಬುಧವಾರ ಕಥೋಲಿಕರ ಹಣೆಗೆ ಹಚ್ಚುವ ಬೂದಿ ಹಿಂದಿನ ವರ್ಷದ ಗರಿಗಳ ಭಾನುವಾರದಂದು ಕೈಯಲ್ಲಿ ಹಿಡಿದ ಗರಿಗಳನ್ನೇ ಸುಟ್ಟು ಮಾಡಿದ್ದು. ಮರದಲ್ಲಿ ಹಸಿರಾಗಿದ್ದದ್ದು, ಮೆರವಣಿಗೆಯಲ್ಲಿ ತೂಗಿದ್ದು, ಗೋಡೆಯ ಚಿತ್ರದ ಹಿಂದೆ ಒಣಗಿದ್ದು, ಕೊನೆಗೆ ಚಿಟಿಕೆ ಬೂದಿ. ಸುಟ್ಟಾಗ ಇಂಗಾಲ ಹೊಗೆಯಾಗಿ ಹೋಗುತ್ತದೆ, ಗಿಡ ನೆಲದಿಂದ ಹೀರಿದ ಖನಿಜಾಂಶ ಉಳಿಯುತ್ತದೆ. 2027ರಲ್ಲಿ ಬೂದಿ ಬುಧವಾರ ಫೆಬ್ರವರಿ 10ಕ್ಕೆ ಬರುತ್ತದೆ. ಗರಿ ಚೆನ್ನಾಗಿ ಒಣಗಿರಬೇಕು. ಮಕ್ಕಳು ಮನೆಮನೆಯಿಂದ ಕೂಡಿಸಿ ಒಂದು ವಾರ ಮೊದಲೇ ಚರ್ಚಿಗೆ ಮುಟ್ಟಿಸಿದರೆ ಸುಡಲು, ಜರಡಿ ಹಿಡಿಯಲು ಸಮಯ ಸಿಗುತ್ತದೆ.