ಬೇಸಗೆಯ ರಜೆಯೂ ಊರ ಶಾಲೆಯೂ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಬೇಸಗೆಯ ರಜೆ ಬಂದಿತೆಂದರೆ ಅನುಕೂಲವಂತರ ಮನೆಯ ಮಕ್ಕಳಿಗೆ ಇವೆರಡೂ ಒದಗುತ್ತವೆ. ಅವರಿಗೆ ಪ್ರವಾಸವುಂಟು, ಶಿಬಿರಗಳುಂಟು, ಮನೆಯಲ್ಲಿ ಪುಸ್ತಕಗಳೂ ಉಂಟು. ಹಳ್ಳಿಯ ಸರಕಾರಿ ಶಾಲೆಯ ಮಗುವಿಗಾದರೋ ದೇಶಸಂಚಾರ ಅಜ್ಜಿಯ ಊರಿಗೇ ಮುಗಿಯುತ್ತದೆ. ಕೋಶವೋ ಶಾಲೆಯ ಬೀರುವಿನಲ್ಲಿ ಬೀಗದ ಹಿಂದೆ ಕುಳಿತಿರುತ್ತದೆ. ಏಪ್ರಿಲ್ ಎರಡನೆಯ ವಾರದಲ್ಲಿ ಬಿದ್ದ ಬೀಗ ಮೇ ಕೊನೆಗೆ ತೆಗೆಯುವವರೆಗೆ ಆ ಮಗುವಿನ ಕಣ್ಣಿಗೆ ಬೀಳುವ ಅಚ್ಚಿನ ಅಕ್ಷರವೆಂದರೆ ಬಸ್ಸಿನ ಫಲಕ, ಮದುವೆಯ ಲಗ್ನಪತ್ರಿಕೆ, ಇಷ್ಟೇ.

ಒಮ್ಮೆ ಕಲಿತ ಓದು ಈಜಿನಂತೆ, ಮರೆತುಹೋಗದು ಎಂದು ನಾವು ಭಾವಿಸುತ್ತೇವೆ. ಎಳೆಯರ ವಿಷಯದಲ್ಲಿ ಇದು ಸತ್ಯವಲ್ಲ. 2020ರಲ್ಲಿ ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದ ಬಳಿಕ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿದಂತೆ 5 ರಾಜ್ಯಗಳ ಸರಕಾರಿ ಶಾಲೆಗಳಲ್ಲಿ 16,000ಕ್ಕೂ ಮಿಕ್ಕ ಮಕ್ಕಳ ಕಲಿಕೆಯನ್ನು ಪರಿಶೀಲಿಸಿದರು. 2021ರಲ್ಲಿ ಪ್ರಕಟವಾದ ಆ ವರದಿಯಂತೆ ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ತಮಗಿದ್ದ ಒಂದಲ್ಲ ಒಂದು ಭಾಷಾಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಅದು ಅಸಾಧಾರಣವಾದ ಸುದೀರ್ಘ ವಿರಾಮ, ನಿಜ. ಬೇಸಗೆಯ ರಜೆ ಅದರ ಮುಂದೆ ಚಿಕ್ಕದು. ಆದರೆ ಅದು ತಪ್ಪದೆ ವರ್ಷ ವರ್ಷವೂ ಬರುತ್ತದೆ.

ಹಾಗಾದರೆ ಬೀರುವಿಗೆ ಬೀಗವೇಕೆ? ಉಪಾಧ್ಯಾಯರ ಔದಾಸೀನ್ಯವೆಂದು ಹೇಳಿಬಿಡುವುದು ಸುಲಭ. ದಾಸ್ತಾನು ವಹಿಯಲ್ಲಿ ಒಂದೊಂದು ಪುಸ್ತಕಕ್ಕೂ ಒಂದೊಂದು ಸಂಖ್ಯೆಯಿದೆ. ಕಳೆದ ಪುಸ್ತಕಕ್ಕೆ ಮುಖ್ಯೋಪಾಧ್ಯಾಯರು ಉತ್ತರ ಹೇಳಬೇಕು. ಯಾರೂ ಓದದೆ ಗೆದ್ದಲು ಹಿಡಿಸಿಕೊಂಡ ಪುಸ್ತಕಕ್ಕೆ ಉತ್ತರ ಹೇಳಬೇಕೆಂದು ಯಾರೂ ಕೇಳುವುದಿಲ್ಲ. ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ತಮ್ಮ ಪಂಚಸೂತ್ರಗಳನ್ನು ಪ್ರಕಟಿಸಿದಾಗ, ಪುಸ್ತಕವಿರುವುದು ಕಾಪಿಡಲಿಕ್ಕಲ್ಲ, ಬಳಸಲಿಕ್ಕೆ ಎಂಬುದನ್ನೇ ಮೊದಲ ಸೂತ್ರವಾಗಿರಿಸಿದರು. ಅದೇ ವರ್ಷ ಮದರಾಸು ಪ್ರಾಂತದ ಮನ್ನಾರ್ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳನ್ನು ಹೇರಿಕೊಂಡು ಹಳ್ಳಿಹಳ್ಳಿಗೂ ಒಯ್ದರು. ಗಾಡಿಯ ಕಾಲ ಕಳೆಯಿತು. ಬೀರುವಿನ ಬೀಗ ಮಾತ್ರ ಉಳಿದಿದೆ.

ಈ ಬೀಗವನ್ನು ತೆಗೆಸಬಲ್ಲವರು ಊರಿನವರೇ. ಊರಿಗೂ ಶಾಲೆಗೂ ನಮ್ಮಲ್ಲಿ ಇದ್ದ ಬಾಂಧವ್ಯ ಹೊಸದೇನಲ್ಲ. ಕೂಲಿಮಠದ ಅಯ್ಯನವರನ್ನು ದವಸಧಾನ್ಯ ಕೊಟ್ಟು ಸಾಕುತ್ತಿದ್ದುದು ಊರು. ಮಹಾನವಮಿಯಲ್ಲಿ ಮಕ್ಕಳು ಚೌಪದ ಹಾಡುತ್ತ ಮನೆಮನೆಯ ಬಾಗಿಲಿಗೆ ಹೋಗಿ ಗುರುದಕ್ಷಿಣೆ ಕೂಡಿಸುತ್ತಿದ್ದರು. ತಮ್ಮ ಹುಡುಗರು ಎಷ್ಟು ಕಲಿತರೆಂಬುದು ಆ ನೆಪದಲ್ಲಿ ಊರಿಗೇ ತಿಳಿಯುತ್ತಿತ್ತು. ರಾತ್ರಿಯ ಹೊತ್ತು ದೇವಾಲಯದ ಮಂಟಪದಲ್ಲಿ ಒಬ್ಬರು ಕುಮಾರವ್ಯಾಸ ಭಾರತವನ್ನು ವಾಚಿಸುವರು, ಇನ್ನೊಬ್ಬರು ಅರ್ಥ ಹೇಳುವರು. ಅಕ್ಷರವರಿಯದ ಒಕ್ಕಲಿಗನೂ ಭೀಮ ದುರ್ಯೋಧನರನ್ನು ನೆರೆಮನೆಯವರಂತೆ ಬಲ್ಲವನಾಗಿದ್ದನು. ಆ ಮಠಕ್ಕೆ ಎಲ್ಲ ಜಾತಿಯ ಮಕ್ಕಳಿಗೆ ಪ್ರವೇಶವಿರಲಿಲ್ಲ. ಹೆಣ್ಣುಮಕ್ಕಳಿಗಂತೂ ಅದು ದೂರವೇ ಆಗಿತ್ತು. ಸರಕಾರಿ ಶಾಲೆ ಬಂದು ಆ ಬಾಗಿಲನ್ನು ಎಲ್ಲರಿಗೂ ತೆರೆಯಿತು. ಇದು ಸಾಮಾನ್ಯ ಉಪಕಾರವಲ್ಲ. ಆದರೆ ಶಾಲೆ ಸರಕಾರದ್ದಾದೊಡನೆ, ಅದು ನಮ್ಮದು ಎಂಬ ಭಾವನೆ ಊರಿನ ಮನಸ್ಸಿನಿಂದ ಮೆಲ್ಲನೆ ಜಾರಿತು.

ಇದನ್ನು ಸರಿಪಡಿಸಲೆಂದೇ 2001ರಲ್ಲಿ ನಮ್ಮ ರಾಜ್ಯದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದವು. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೂ ಪೋಷಕರೂ ಇರಬೇಕು. ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಸಮಿತಿಗಳು ಕೂಡುತ್ತವೆ, ಕೊಠಡಿ, ಕಾಂಪೌಂಡು, ಸುಣ್ಣಬಣ್ಣ, ಬಿಸಿಯೂಟಗಳ ಮಾತಾಗುತ್ತದೆ. ಇವೆಲ್ಲವೂ ಬೇಕಾದುವೇ. ಆದರೆ ಮಗು ಏನನ್ನು ಓದುತ್ತಿದೆ ಎಂಬ ಪ್ರಶ್ನೆ ಅಲ್ಲಿ ಏಳುವುದು ಅಪರೂಪ. ನಾವು ಓದುಬರಹ ಬಾರದವರು, ಅದು ಮೇಷ್ಟರ ಕೆಲಸ ಎಂದು ತಾಯಿ ಸಂಕೋಚದಿಂದ ಹಿಂದೆ ಸರಿಯುತ್ತಾಳೆ.

ಈ ಸಂಕೋಚ ನೀಗಬೇಕು. ಮಗಳು ಗಟ್ಟಿಯಾಗಿ ಓದುವಾಗ ಪಕ್ಕದಲ್ಲಿ ಕುಳಿತು ಕೇಳಲು ತಾಯಿಗೆ ಅಕ್ಷರ ಬರಬೇಕಾಗಿಲ್ಲ. ‘ಆಮೇಲೆ ಏನಾಯಿತು?’ ಎಂದು ಅವಳು ಒಂದು ಮಾತು ಕೇಳಿದರೆ ಸಾಕು, ಮಗಳು ಮುಂದಿನ ಪುಟವನ್ನು ತಿರುವುತ್ತಾಳೆ. ಭಾರತವಾಚನದ ಮಂಟಪದಲ್ಲಿ ಕೇಳುವವರಿದ್ದುದರಿಂದಲೇ ಓದುವವರಿದ್ದರು ಎಂಬುದನ್ನು ಮರೆಯಬಾರದು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಮ್ಮ ಅಲ್ಪ ಸಂಪಾದನೆಯಲ್ಲಿ ಉಳಿಸಿ, ದಾನಿಗಳ ಮನೆಬಾಗಿಲಿಗೆ ಅಲೆದು, ತಮ್ಮೂರಿನ ನ್ಯೂಪಡ್ಪುವಿನಲ್ಲಿ ಶಾಲೆಯನ್ನು ನಿಲ್ಲಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಎಲ್ಲರೂ ಹಾಜಬ್ಬನವರಾಗಲಾರರು, ಆದರೆ ಓದು ಬಾರದವನಿಗೆ ಶಾಲೆಯಲ್ಲಿ ಏನು ಕೆಲಸ ಎಂಬ ಮಾತನ್ನು ಇನ್ನು ಯಾರೂ ಆಡಲಾರರು.

ಮಾಡಬೇಕಾದುದು ದೊಡ್ಡದೇನೂ ಅಲ್ಲ. ರಜೆ ಬೀಳುವ ಮುನ್ನ ಸಮಿತಿ ಸಭೆ ಸೇರಿ, ಬೀರುವಿನ ಪುಸ್ತಕಗಳ ಹೊಣೆಯನ್ನು ತಾನು ಹೊತ್ತಿರುವುದಾಗಿ ಬರೆದುಕೊಡಲಿ. ಕಳೆದುದನ್ನು ಊರೇ ತುಂಬಿಕೊಡಲಿ. ಮುಖ್ಯೋಪಾಧ್ಯಾಯರ ಭಯ ಅರ್ಧ ಅಲ್ಲಿಗೇ ನೀಗುತ್ತದೆ. ಪಂಚಾಯಿತಿಯ ಗ್ರಂಥಾಲಯವುಂಟು, 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಯೋಜನೆ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ಒದಗಿಸಿತು. ಸಂಜೆ ಬಿಸಿಲು ಇಳಿದ ಮೇಲೆ ಒಂದು ಗಂಟೆ, ಯಾರದೊಂದು ಜಗಲಿ, ಕಾಲೇಜಿನಿಂದ ರಜೆಗೆ ಬಂದ ಊರಿನದೇ ಹುಡುಗಿ, ನಿವೃತ್ತ ಮೇಷ್ಟರು ಒಬ್ಬರು: ಇಷ್ಟಿದ್ದರೆ ಸಾಕು. ಪಂಜೆಯವರ ಕಥೆಗಳು, ರಾಜರತ್ನಂ ಅವರ ಶಿಶುಗೀತೆಗಳು ಅಲ್ಲಿ ಓದಲ್ಪಡಲಿ. ಪರೀಕ್ಷೆ ಬೇಡ, ಅಂಕವೂ ಬೇಡ. 2024ರ ಬೇಸಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳು ರಜೆಯಲ್ಲಿಯೂ ಬಾಗಿಲು ತೆರೆದು ಮಕ್ಕಳಿಗೆ ಊಟವಿಕ್ಕಿದವು. ಅನ್ನಕ್ಕಾಗಿ ತೆರೆದ ಬಾಗಿಲು ಅಕ್ಷರಕ್ಕಾಗಿ ತೆರೆಯಲಾರದೆ?

ಇದರಿಂದ ಇನ್ನೊಂದು ಲಾಭವೂ ಉಂಟು. ಜಗಲಿಯಲ್ಲಿ ಕುಳಿತು ಕೇಳಿದ ಊರಿಗೆ, ಯಾವ ಮಗು ಐದನೆಯ ತರಗತಿಗೆ ಬಂದರೂ ಒತ್ತಕ್ಷರದಲ್ಲಿ ಎಡವುತ್ತದೆ, ಎಷ್ಟು ಮಕ್ಕಳಿಗೆ ಒಬ್ಬರೇ ಉಪಾಧ್ಯಾಯರಿದ್ದಾರೆ ಎಂಬುದು ಕಣ್ಣಾರೆ ತಿಳಿಯುತ್ತದೆ. ಹಾಗೆ ತಿಳಿದವರು ಅಧಿಕಾರಿಗಳ ಮುಂದೆ ನಿಂತು ಕೇಳುವ ಪ್ರಶ್ನೆಗೆ ಬೇರೆಯೇ ಬಲವಿರುತ್ತದೆ. ಶಾಲೆ ತಿರುಗಿ ತೆರೆಯುವ ದಿನ ನಾಲ್ಕು ಪುಸ್ತಕಗಳು ಹರಿದಿರಬಹುದು, ಒಂದೆರಡು ಕಳೆದಿರಲೂಬಹುದು. ಅದನ್ನು ಯಾರೂ ನಷ್ಟವೆಂದು ಎಣಿಸದಿರಲಿ.